ರಸ್ತೆಗೆ ಅಡ್ಡ ನಿಂತ ಬಸ್ಸು

ರಾಯದುರ್ಗ, ೧೯೪೬

ಪಾಲಯ್ಯಾ,

ಇವತ್ತು ಬಳ್ಳಾರಿಗೆ ಬಸ್ಸು ಓಡಿಸಿಕೊಂಡು ಹೋಗುವಾಗ, ಹಿರೇಹಾಳು ದಾಟಿದ ಮೇಲೆ ನೀನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ವ್ಯಾನು ಕಂಡಿತು. ಎತ್ತಿನ ಗಾಡಿಯಿಂದ ಬಿದ್ದ ಬಸುರಿಯೊಬ್ಬಳನ್ನು ಇಬ್ಬರು ಸ್ಟ್ರೆಚರಿಗೆ ಎತ್ತುತ್ತಿದ್ದರು. ಒಬ್ಬ ರಸ್ತೆಗೆ ಬೆನ್ನು ಮಾಡಿ ಬಗ್ಗಿದ್ದ. ಹೋದ ವರ್ಷ ಆ ಲಾರಿ ಬಂದು ಬಡಿದು ನಿನ್ನ ಜೀವ ಹೋದಾಗ ನೀನು ರೋಗಿಯನ್ನು ಎತ್ತಲು ಬಗ್ಗಿದ್ದಂತೆಯೇ.

ಹಿಂದೆ ದೂರದಲ್ಲಿ ಲಾರಿಯ ಧೂಳೆದ್ದಿತ್ತು. ನಾನು ಬಸ್ಸನ್ನು ರಸ್ತೆಗೆ ಅಡ್ಡ ನಿಲ್ಲಿಸಿ, ಕೆಳಗಿಳಿದು, ಕೆಂಪು ಟವೆಲು ಬೀಸುತ್ತ ಹಿಂದಕ್ಕೆ ಓಡಿದೆ.

ಕಿಟಕಿಯಿಂದ ಒಬ್ಬ ಮುದುಕಿ ಕೂಗಿದಳು: "ಯಾಕ ನಿಲ್ಲಿಸಿದ್ರಿ? ಪಕ್ಕದಾಗ ಜಾಗ ಐತಲ್ಲ, ಹೋಗ್ರಿ!"

"ಅವ್ರು ವ್ಯಾನ್ ಹತ್ತೋ ತನಕ ಹೋಗಂಗಿಲ್ಲವ್ವ," ಅಂದೆ.

ಲಾರಿ ಬಂದು ನಿಂತಿತು. "ರಸ್ತೆ ನಿಮ್ಮಪ್ಪಂದೇನು?" ಎಂದು ಡ್ರೈವರು ಬೈದ.

"ಅಲ್ಲಿ ಮನುಷ್ಯರು ಅದಾರಪ್ಪಾ. ಒಂದೀಟು ನೋಡು."

ಅವನು ತಲೆ ಹೊರಗೆ ಹಾಕಿ ನೋಡಿದ. ಆಮೇಲೆ ಇಂಜಿನ್ ಆರಿಸಿದ.

ಬಸುರಿಯನ್ನು ಹತ್ತಿಸಿಕೊಂಡು ವ್ಯಾನು ಹೊರಟಿತು. ಬೆನ್ನು ಮಾಡಿದ್ದವನು ಒಮ್ಮೆಯೂ ಇತ್ತ ತಿರುಗಲಿಲ್ಲ. ಇಷ್ಟು ಹೊತ್ತಿಗೆ ಮನೆಗೆ ಹೋಗಿ ಕೈಕಾಲು ತೊಳೆದು ಕೂತಿರುತ್ತಾನೆ.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಸ್ಸು ಬಿಟ್ಟು ಬಂದವನು ನಿಮ್ಮ ಓಣಿಯಲ್ಲಿ ಹೋದೆ, ತಿರುಗಿ ಬಂದೆ, ಮತ್ತೆ ಹೋದೆ. ನಿನ್ನ ಹೆಂಡತಿ ಜುಂಜಮ್ಮ ದೀಪ ಹಚ್ಚುತ್ತಿದ್ದವಳು ಬಾಗಿಲಿಗೆ ಬಂದಳು.

"ಏನಣ್ಣಾ, ಏನರ ಹೇಳೋದಿತ್ತಾ?"

"ಏನಿಲ್ಲವ್ವ," ಅಂದೆ. "ಹಿಂಗ ಬಂದಿದ್ದೆ."

ಹನುಮಂತಯ್ಯ