ಒಂದು ಗೇಣು ಟೇಪು

ಅಕ್ಟೋಬರ್ ೧೪, ಗುರುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬಿಗೆ ಅಣ್ಣನ ಆಶೀರ್ವಾದ.

ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಅಮ್ಮ ಅಪ್ಪನ ಹಳೇ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂತು ಏನೋ ಹೇಳುತ್ತಿದ್ದಾಳೆ. ಬಾಯಿಂದ ಮಾತಿನ ಬದಲು ಕಂದು ಟೇಪು ಬರುತ್ತಿದೆ. ನಾನು ಪೆನ್ಸಿಲಿಗೆ ಸುತ್ತುತ್ತಲೇ ಇದ್ದೇನೆ, ಮುಗಿಯುತ್ತಲೇ ಇಲ್ಲ. ಎದ್ದವನೇ ನಿನಗೇನಾಯಿತೋ ಎಂದು ಹೆದರಿದೆ, ಆಮೇಲೆ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಎರಡು ಸಲ ನೋಡಿ ಬಂದೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮೂರು ವಾರ ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಆರನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನಾನು. ಒಂದು ಪುಟ ಬರೆಯುವುದಕ್ಕಿಂತ ನಾಲ್ಕು ಪ್ಲೇಯರ್ ಬಿಚ್ಚಿ ಜೋಡಿಸುವುದು ಸುಲಭ.

ಶೆಡ್ಡಿನಲ್ಲೀಗ ಹಳೇ ಕಾರುಗಳ ಟೇಪ್ ಪ್ಲೇಯರ್ ನಲವತ್ತೊಂದಾದವು. ನಿನ್ನ ಅತ್ತಿಗೆ ಹೇಳುತ್ತಾಳೆ, "ನಿಮ್ಮ ಚಿಂತೇನೂ ಆಟೊ ರಿವರ್ಸ್ ಕಣ್ರೀ. ಆ ಕಡೆ ಮುಗಿದ್ರೆ ಈ ಕಡೆ ತಾನಾಗೇ ಶುರು." ನಗು ಬಂತು, ಸಿಟ್ಟೂ ಬಂತು.

ನಲವತ್ತೊಂದನೆಯದು ಅಪ್ಪನ ಟ್ಯಾಕ್ಸಿಯಲ್ಲಿದ್ದಂಥದೇ. ಗುಜರಿಯಲ್ಲಿ ಸಿಕ್ಕಿತು. ಒಳಗಿನ ರಬ್ಬರ್ ಬೆಲ್ಟು ಕರಗಿ ಡಾಂಬರಿನಂತೆ ಅಂಟಿತ್ತು. ಸ್ಪಿರಿಟ್ಟು, ಹತ್ತಿ ಹಿಡಿದು ಎರಡು ದಿನ ಒರೆಸಿದೆ. ಹೊಸ ಬೆಲ್ಟು ಹಾಕಿ, ಕೆಲಸಕ್ಕೆ ಬಾರದ ಮೂರು ಕ್ಯಾಸೆಟ್ಟು ಓಡಿಸಿ ನೋಡಿದೆ. ಟೇಪು ನುಂಗಲಿಲ್ಲ. ಆಮೇಲೇ ಅಮ್ಮನ ಕ್ಯಾಸೆಟ್ಟು ಹೊರಗೆ ತೆಗೆದದ್ದು.

ಅಪ್ಪ ದೂರದ ಬಾಡಿಗೆಗೆ ಹೋದಾಗ ಕೇಳಲೆಂದು ಪಕ್ಕದ ಮನೆಯ ರೆಕಾರ್ಡರಿನಲ್ಲಿ ಅವಳು ಮಾತಾಡಿಟ್ಟದ್ದು. ಅವಳು ತೀರಿಹೋದ ಮೇಲೆ ಅಪ್ಪ ಕೇಳುತ್ತಿದ್ದದ್ದು ಅದೊಂದನ್ನೇ. ಒಂದು ದಿನ ಅದು ನಡುವಿನಿಂದ ದೆವ್ವದ ಭಾಷೆ ಮಾತಾಡತೊಡಗಿತು. ಹರಿದ ತುಂಡು ನಿನ್ನ ಕೈಯಲ್ಲಿ ಕಂಡಿತು. ಅಪ್ಪ ಮಕ್ಕಳ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಮತ್ತೆ ನೀನು ಆ ಕಾರಿನ ಮುಂದಿನ ಸೀಟಿನಲ್ಲಿ ಕೂರಲಿಲ್ಲ. ಮದುವೆಯಾಗಿ ಹೊರಟ ದಿನ ಟ್ಯಾಕ್ಸಿ ಬಾಗಿಲಲ್ಲೇ ನಿಂತಿದ್ದರೂ ಬಸ್ಸು ಹತ್ತಿದೆ.

ಹೋದ ತಿಂಗಳ ಮೊದಲಲ್ಲೇ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ ನೋಡಿದೆ. ಟೇಪಿಗೆ ಒಂದು ಮೈ ಹೊಳಪು, ಒಂದು ಮೈ ಮಂಕು. ಅಂಟಿಸಿದ ಜಾಗದಿಂದ ಮುಂದಕ್ಕೆ ಮೈ ಮಗುಚಿತ್ತು. ಹಾಗಾದರೆ ಆ ಬದಿಯ ಮಾತು ಈ ಬದಿಯಲ್ಲಿ ಹಿಂದುಮುಂದಾಗಿ ಕೇಳುತ್ತದೆ. ಅಮ್ಮನ ಮಾತು ಅಳಿಸಿರಲೇ ಇಲ್ಲ, ಗುಬ್ಬಿ! ತಿರುಚಿ ಅಂಟಿಸಿದ್ದರು, ಅಷ್ಟೆ.

ಸರಿಮಾಡಿ ಹಾಕಿದೆ. ಅಪ್ಪ ಕುರ್ಚಿ ಎಳೆದುಕೊಂಡು ಬಂದು ಕೇಳಿಸುವ ಕಿವಿಯನ್ನು ಸ್ಪೀಕರಿಗೆ ಕೊಟ್ಟರು.

"ರೀ, ಕೇಳಿಸ್ತಿದ್ಯಾ? ಜೋರಾಗಿ ಓಡಿಸ್ಬೇಡಿ. ದೊಡ್ಡವನು ಮಳೆ ಬಂದ್ರೂ ಹೆದರ್ತಾನೆ, ಬರದಿದ್ರೂ ಹೆದರ್ತಾನೆ. ನಮ್ಮ ಗುಬ್ಬಿ ಇದ್ದಾಳಲ್ಲ, ಅವಳು..." ಅಲ್ಲಿಗೆ ಟಕ್ಕೆಂದು ಹಾರಿ, "...ಅಂತ ಹೇಳಿ ನಗ್ತಾಳೆ."

"ಗುಬ್ಬಿ ಏನಂತಾಳೋ?" ಅಪ್ಪ ಮೂರು ಸಲ ಕೇಳಿದರು. "ಬಾಯಿಪಾಠ ಆಗಿತ್ತು ಕಣೋ, ಮರ್ತೇ ಹೋಯ್ತು. ಯಾರೋ ಇದನ್ನ ಹೀಗೆ ಅಂಟಿಸಿದ್ದು?"

"ನಂಗೇನ್ ಗೊತ್ತಪ್ಪ" ಅಂದುಬಿಟ್ಟೆ.

ಹೋದ ಕಾಗದದಲ್ಲಿ ನಾನು ಕಾರಣ ಹೇಳದೆ ಆ ತುಂಡಿನ ವಿಷಯ ಕೇಳಿದ್ದು ಇದಕ್ಕೇ. ಇನ್ನೂ ಸೂಜಿ ಡಬ್ಬಿಯಲ್ಲಿದೆ, ಒಂದು ಗೇಣು ಉದ್ದ, ಒಂದು ತುದಿ ಓರೆ, ಇನ್ನೊಂದು ನೇರ ಎಂದು ನೀನು ಉತ್ತರ ಬರೆದಿದ್ದೆ. ಒಂದು ಗೇಣೆಂದರೆ ನಾಲ್ಕು ಸೆಕೆಂಡು. ನೀನು ಏನು ಹೇಳಿ ನಗುತ್ತಿದ್ದೆಯೋ ಅದು ಅಲ್ಲಿದೆ. ಅಂಚೆಗೆ ಹಾಕಬೇಡ, ಕಳೆದುಹೋದೀತು. ಇಪ್ಪತ್ತನಾಲ್ಕರ ಭಾನುವಾರ ನಾನೇ ಬರುತ್ತೇನೆ. ಊರು ದಾಟಿ ಕಾರು ಓಡಿಸಿದವನಲ್ಲ ನಾನು. ಓಡಿಸುತ್ತೇನೆ. ಆ ಪ್ಲೇಯರನ್ನು ನನ್ನ ಕಾರಿಗೇ ಕೂರಿಸಿದ್ದೇನೆ.

ಮಕ್ಕಳಿಗೆ ಆಶೀರ್ವಾದ, ಭಾವನಿಗೆ ನಮಸ್ಕಾರ. ನೂರು ಕಾಲ ತಣ್ಣಗಿರು.

ಇಂತಿ ನಿನ್ನ
ಅಣ್ಣ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಗುಬ್ಬಿ, ಅಂಟಿಸಿದವನು ನಾನೇ. ಅಪ್ಪ ಊಟಕ್ಕೆ ಕೂತಿದ್ದಾಗ ಕದ್ದು ಕ್ಯಾಸೆಟ್ಟು ಹಾಕಿದೆ. ಪ್ಲೇಯರ್ ನುಂಗಿತು. ಎಳೆದೆ, ಹರಿಯಿತು. ಸುಕ್ಕಾದ ಒಂದು ಗೇಣನ್ನು ಕತ್ತರಿಸಿ ಎಸೆದೆ, ಉಳಿದದ್ದನ್ನು ಹೊಳಪು ಮಂಕು ನೋಡದೆ ಅಂಟಿಸಿದೆ. ನಾನು ಎಸೆದದ್ದನ್ನು ನೀನು ಅಮ್ಮನದೆಂದು ಹೆಕ್ಕಿಕೊಂಡೆ. ನಿನಗೆ ಏಟು ಬೀಳುವಾಗ ನಾನು ಬಾಗಿಲ ಹಿಂದೆ ನಿಂತಿದ್ದೆ. ಹನ್ನೊಂದು ವರ್ಷದವನು, ಬಾಯಿ ಬರಲಿಲ್ಲ. ಆಮೇಲೆ ನಲವತ್ತು ವರ್ಷವೂ ಬರಲಿಲ್ಲ.

ಈಗಷ್ಟೇ ಅಪ್ಪನಿಗೆ ಹೇಳಿ ಬಂದೆ. "ಹೋಗಿ ಕರ್ಕೊಂಡ್ ಬಾ. ಮುಂದಿನ ಸೀಟಲ್ಲಿ ಕೂರ್ಸು" ಅಂದರು. ನನ್ನ ಮುಖ ನೋಡಲಿಲ್ಲ. ನೀನೂ ನೋಡದಿದ್ದರೆ ನ್ಯಾಯವೇ. ಆದರೂ ಬರುತ್ತೇನೆ.

ಒಂದು ಮಾತು. ಕ್ಯಾಸೆಟ್ಟಿನಲ್ಲಿ ಉಳಿದ ಎರಡು ತುದಿಯೂ ಓರೆ. ನಿನ್ನದರಲ್ಲಿ ಒಂದು ಮಾತ್ರ ನೇರ ಹೇಗಾಯಿತು? ಕನ್ನಡಕ ಹಾಕಿಕೊಂಡು ಆ ತುದಿಯನ್ನು ಇನ್ನೊಂದು ಸಲ ನೋಡು, ಒಳಕ್ಕೆ ಮಡಿಚಿಕೊಂಡಿದೆಯೋ ಏನೋ. ಮಡಿಚಿದ್ದರೆ ನೀನು ಬಿಡಿಸಬೇಡ, ಮುರಿದೀತು. ಅಷ್ಟು ಚೂರಿನಲ್ಲೂ ಅಮ್ಮ ಇರುತ್ತಾಳೆ.