ಹೋಲಿಕೆ ಗುಂಪಿನ ಮಗು

ಅಳತೆ ಅಕ್ಕನಿಗೆ,

ನಿಮ್ಮ ನಿಜವಾದ ಹೆಸರು ನಮ್ಮ ಬೀದಿಯಲ್ಲಿ ಯಾರ ನಾಲಿಗೆಗೂ ಹತ್ತಲಿಲ್ಲ. ಟೇಪು, ತೂಕದ ಯಂತ್ರ, ಚಿತ್ರದ ಕಾರ್ಡು ಹಿಡಿದು ಬಂದು ಮಕ್ಕಳನ್ನು ಅಳೆದು ಹೋಗುತ್ತಿದ್ದವರು ಅಳತೆ ಅಕ್ಕ, ಅಷ್ಟೇ. ನಾನು ಚೋಟುವಿನ ಚಿಕ್ಕಮ್ಮ. ಬಾರದ ಮಕ್ಕಳಿಗೂ ಮೇಷ್ಟ್ರು ಹಾಜರಿ ಹಾಕುತ್ತಾರೆ ಎಂದು ತಪಾಸಣೆಗೆ ಬಂದ ಸಾಹೇಬರ ಎದುರಿಗೇ ಹೇಳಿ, ಆಮೇಲೆ ಶಾಲೆಯನ್ನೇ ಬಿಟ್ಟವಳು. ಆ ಕಥೆ ಕೇಳಿ ನೀವು, ನಿನ್ನಂಥವರೇ ನಮ್ಮ ಅಧ್ಯಯನಕ್ಕೆ ಬೇಕು ಎಂದಿದ್ದಿರಿ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನಾಡಿದ್ದು ಇಲಾಖೆಯವರ ಜೊತೆ ನಿಮ್ಮ ಸಭೆ.

ಮೊದಲ ದಿನ ನೆನಪಿದೆಯೇ? ವಿಶ್ವವಿದ್ಯಾಲಯವೂ ಇಲಾಖೆಯೂ ಕೈಜೋಡಿಸಿವೆ, ಮನೆಗೇ ಬಂದು ಮಕ್ಕಳನ್ನು ಆಡಿಸಿ ಮಾತಾಡಿಸಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎಂದು ನೋಡುತ್ತೇವೆ, ಚೆನ್ನಾಗಿ ಬಂದರೆ ಸರ್ಕಾರ ಎಲ್ಲರಿಗೂ ಕೊಡುತ್ತದೆ ಎಂದಿರಿ. ಚೀಟಿ ಎತ್ತಿದಾಗ ಆಟದ ಟೀಚರು ಎದುರು ಸಾಲಿಗೆ ಹೋದರು. ನಮ್ಮ ಸಾಲಿಗೆ ಬರೀ ಅಳತೆ. ನಿಮ್ಮ ಮಗು ಹೋಲಿಕೆ ಗುಂಪಿನಲ್ಲಿದೆ ಎಂದು ನೀವು ಹೇಳಿದ್ದೇ ತಡ, ನಮ್ಮಮ್ಮ, "ಹೂಂ ಮತ್ತೆ, ಅಚ್ಚು ಅವರಪ್ಪಂದೇ ಹೋಲಿಕೆ" ಎಂದಳು. ಲಾಂಡ್ರಿಯ ಇಸ್ತ್ರಿ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ ನಮ್ಮಕ್ಕನ ಮುಖ ಸುಟ್ಟ ಹಾಗಾಯಿತು. "ಬಿಟ್ಟು ಹೋದೋನ ಹೋಲಿಕೆ ಇರೋರಿಗೆ ಬೇರೆ ಗುಂಪು ಮಾಡ್ತೀರಾ? ನನ್ನ ಮಗನ್ನ ಅದರಿಂದ ತೆಗೆದುಬಿಡಿ ಮೇಡಂ" ಎಂದಳು. ನೀವು ನಕ್ಕಿರಿ, ನಾವೂ ನಕ್ಕೆವು. ಪಾಪ, ಅವಳು ಸರಿಯಾದದ್ದನ್ನೇ ಕೇಳಿದ್ದಳು.

ಆಮೇಲೆ ನೀವು ಬಿಡಿಸಿ ಹೇಳಿದಿರಿ. ಆ ಸಾಲಿನ ಮಕ್ಕಳು ಎಷ್ಟು ಮುಂದೆ ಹೋದರು ಎಂದು ಗೊತ್ತಾಗಬೇಕಾದರೆ ಈ ಸಾಲಿನವರು ಇದ್ದ ಹಾಗೇ ಇರಬೇಕು, ಅಧ್ಯಯನ ಮುಗಿದ ಮೇಲೆ ನಿಮ್ಮ ಸರದಿ. ನಮ್ಮಕ್ಕ ಸಹಿ ಹಾಕಿದಳು.

ನಾನು ಒಂದು ಕಡೆ ಕೂರುವವಳಲ್ಲ. ಯಾವ ಕೆಲಸಕ್ಕೆ ಸೇರಿದರೂ ಕಾಲು ಬಾಗಿಲ ಕಡೆಗೇ. ಕೆಲಸವಿಲ್ಲದಾಗಲೆಲ್ಲ ಎದುರು ಮನೆಯ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಡಬ್ಬಿಗೆ ತಕ್ಕ ಮುಚ್ಚಳ ಹುಡುಕುವುದು, ಬಟ್ಟೆ ಚೆಂಡು, ಕನ್ನಡಿಯೊಳಗೆ ಮೂಗು ಎಲ್ಲಿ ಕಿವಿ ಎಲ್ಲಿ. ಎಲ್ಲವೂ ಬಾಯಿಪಾಠವಾಯಿತು. ಚೋಟುವಿಗೆ ಆಡಿಸಲೇ ಎಂದು ನಿಮ್ಮನ್ನು ಕೇಳಿದೆ. ನೀವು ಟೇಪು ಸುತ್ತಿಡುತ್ತ, "ಬೇಡ ಅನ್ನೋಕೆ ನಂಗೆ ಹಕ್ಕಿಲ್ಲ. ಆದ್ರೆ ಆಡಿಸಿದ್ರೆ ಹೋಲಿಕೆ ಕೆಡುತ್ತೆ. ಅದು ಕೆಟ್ರೆ ಯಾವ ಮಗೂಗೂ ಏನೂ ಸಿಗಲ್ಲ" ಎಂದಿರಿ. ಮಾತು ಕೊಟ್ಟೆ. ಕೊಟ್ಟ ಮೇಲೆ ನಡೆದುಕೊಂಡೆ. ಅವನು ಖಾಲಿ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟಾಗ ಎದ್ದು ಹೊರಗೆ ಹೋಗುತ್ತಿದ್ದೆ.

ಎದುರು ಮನೆಯ ಹುಡುಗಿ ಈಗ ಬೆಳಗಿನಿಂದ ಸಂಜೆಯವರೆಗೆ ಯಾಕೆ ಯಾಕೆ ಎನ್ನುತ್ತಾಳೆ. ಇವಳ ಬಾಯಿ ಮುಚ್ಚಿಸೋ ಟೀಚರು ಯಾವಾಗ ಬರ್ತಾರೆ ಎಂದು ಅವಳಮ್ಮ ತಮಾಷೆ ಮಾಡುತ್ತಾರೆ. ನಮ್ಮಕ್ಕ ಕಿಟಕಿ ಹಾಕಿಕೊಳ್ಳುತ್ತಾಳೆ. ಆ ಹುಡುಗಿಯ ವಯಸ್ಸಿನವನೇ ಚೋಟು. ಅವನಿಗೆ ಒಂದು ಮಾತೂ ಬಂದಿಲ್ಲ. ಕಿವಿ ಸರಿಯಿದೆ ಎಂದರು ಡಾಕ್ಟರು. ಬೇಕಾದ್ದನ್ನು ಬೆರಳಿನಲ್ಲಿ ತೋರಿಸುತ್ತಾನೆ, ನಮಗೆ ಅರ್ಥವಾಗದಿದ್ದರೆ ಗೋಡೆಗೆ ಹಣೆಯೊತ್ತಿ ನಿಂತುಬಿಡುತ್ತಾನೆ. ಅಳುವುದೂ ಇಲ್ಲ.

ಅಧ್ಯಯನ ಬಹಳ ಚೆನ್ನಾಗಿ ಬಂತಂತೆ. ಇಲಾಖೆ ಯೋಜನೆಯನ್ನೂ ತರುತ್ತಿದೆಯಂತೆ, ಆದರೆ ಮೂರು ವರ್ಷದೊಳಗಿನವರಿಗೆ ಮಾತ್ರ. ಕಾಯುತ್ತ ಕಾಯುತ್ತಲೇ ಚೋಟುವಿಗೆ ಮೂರು ದಾಟಿತು. ಫೋನ್ ಮಾಡಿದರೆ, ವಯಸ್ಸಿನ ಮಿತಿ ಹಾಕಿದ್ದು ಇಲಾಖೆ, ನಮ್ಮ ಕೆಲಸ ಸಾಕ್ಷ್ಯ ಕೊಡುವುದಷ್ಟೇ ಎಂದಿರಿ. ನಮ್ಮ ಸಾಲಿನ ಮಕ್ಕಳು ಮಾತಾಡಲಿಲ್ಲ ಎನ್ನುವುದೇ ಆ ಸಾಕ್ಷ್ಯದ ಅರ್ಧ ಭಾಗವಲ್ಲವೇ?

ಈಗ ದಿನವೂ ಆಡಿಸುತ್ತೇನೆ. ಅವನು ಮುಖ ತಿರುಗಿಸುತ್ತಾನೆ. ನೋಡಿ ಕಲಿತ ಆಟ ನನಗೆ ಗೊತ್ತು, ಮುಖ ತಿರುಗಿಸಿದ ಮಗುವನ್ನು ಹೇಗೆ ಮತ್ತೆ ಆಟಕ್ಕೆ ಕರೆತರಬೇಕು ಎನ್ನುವುದು ಗೊತ್ತಿಲ್ಲ. ಅದನ್ನು ಬಲ್ಲವರು ಬೇಕು, ಬೇಗ ಬೇಕು.

ಸಭೆಯ ಮಾರನೇ ದಿನ ಯೋಜನೆಗೆ ಹೆಸರು ಬರೆಸುವುದು. ಹುಟ್ಟಿದ ದಾಖಲೆ ಕೇಳುವುದಿಲ್ಲವಂತೆ, ಹೇಳಿದ್ದನ್ನು ಬರೆದುಕೊಳ್ಳುತ್ತಾರಂತೆ. ನಮ್ಮಕ್ಕನಿಗೆ ರಜೆಯಿಲ್ಲ, ಹೋಗಬೇಕಾದವಳು ನಾನು. "ಒಂದೇ ಒಂದು ಸಲ ಸುಳ್ಳು ಹೇಳೇ. ಎರಡೂವರೆ ಅನ್ನು. ಚೋಟುದ್ದ ಇದಾನೆ, ಯಾರು ಕೇಳ್ತಾರೆ?" ಎಂದು ನನ್ನ ಕೈ ಹಿಡಿದುಕೊಂಡಳು. ಆಗುವುದಿಲ್ಲ ಎಂದೆ. ಅವಳು ಊಟ ಬಿಟ್ಟಳು. ನಿನ್ನೆ ಒಪ್ಪಿಕೊಂಡೆ.

ಹಾಗಾಗಿ ಆ ಸುಳ್ಳು ಹೇಳುತ್ತೇನೆ. ಅವನ ವಯಸ್ಸು ನಿಮ್ಮ ಅಳತೆಯ ಪುಸ್ತಕದಲ್ಲಿದೆ, ಯಾರಿಗಾದರೂ ಅನುಮಾನ ಬಂದರೆ ಮೊದಲು ನಿಮ್ಮನ್ನೇ ಕೇಳುತ್ತಾರೆ. ಸುಳ್ಳು ಹೇಳುವ ಮೊದಲೇ ಹೀಗೆ ತಿಳಿಸಿಬಿಡುವುದು ದಡ್ಡತನ ಎಂದು ಗೊತ್ತು, ನನಗೆ ಬೇರೆ ಥರ ಬರುವುದಿಲ್ಲ. ಆಗ ನನ್ನನ್ನು ಕಾಪಾಡಿ ಎಂದು ಕೇಳುತ್ತಿಲ್ಲ. ನಾಡಿದ್ದು ಆ ದೊಡ್ಡ ಮೇಜಿನ ಮುಂದೆ ಎದ್ದು ನಿಂತು, ಈ ಸಾಲಿನ ಮಕ್ಕಳಿಗೆ ನಾವು ಮಾತು ಕೊಟ್ಟಿದ್ದೇವೆ, ಇವರಿಗೆ ವಯಸ್ಸಿನ ಮಿತಿ ಬೇಡ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ. ನೀವು ಅಲ್ಲಿ ನಿಜ ಹೇಳಿದರೆ ನಾನು ಇಲ್ಲಿ ಸುಳ್ಳು ಹೇಳಬೇಕಾಗಿಲ್ಲ.

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಆ ಹೊತ್ತಿಗೆ ನಿಮ್ಮ ಗಂಟಲು ಕಟ್ಟದಿರಲಿ.

ಇಂತಿ,
ಚೋಟುವಿನ ಚಿಕ್ಕಮ್ಮ