ಬೋರ್ಡಿನ ಮೇಲೆ ಒಂದು ಸಾಲಿನ ಜಾಗ

ಕಾರವಾರ,
೧೧ ಮೇ ೨೦೨೫

ಪ್ರೀತಿಯ ಪಪ್ಪಾ,

ಮೊಣಕಾಲಿನ ಬಾವು ಇಳಿಯಿತೇ? ಪ್ರಗತಿ ಫೋನಿನಲ್ಲಿ ಎಲ್ಲ ಸರಿಯಿದೆ ಎನ್ನುತ್ತಾಳೆ. ನಿಮ್ಮ ಮಗಳೇ ಅಲ್ಲವೇ, ಅರ್ಧ ಮುಚ್ಚಿಡುತ್ತಾಳೆ. ಬೆಳಗಾವಿಯ ಮೀನು ರುಚಿಯಿಲ್ಲವೆಂದು ಊಟ ಬಿಡಬೇಡಿ. ನನ್ನ ಕನ್ನಡದಲ್ಲಿ ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಓದಿ. ಕಾನ್ವೆಂಟಿಗೆ ಕಳಿಸಿದವರು ನೀವೇ.

ನಮ್ಮ ಕಂಪ್ಯೂಟರ್ ಕ್ಲಾಸಿನ ಸುದ್ದಿ ಕೇಳಿದ್ದಿರಿ. ಜೂನ್ ಬ್ಯಾಚಿಗೆ ಮುಂಚೆ ಬಾಗಿಲ ಮೇಲಿನ ಬೋರ್ಡಿಗೆ ಬಣ್ಣ ಹೊಡೆಸುವ ನಿಮ್ಮ ಪದ್ಧತಿ ಈ ಸಲ ಜಗಳಕ್ಕೆ ತಿರುಗಿತು. ನಮ್ಮಲ್ಲಿ ಕಲಿತವರಲ್ಲಿ ಒಬ್ಬರಾದರೂ ಒಂದು ಪ್ರೋಗ್ರಾಮಿಂಗ್ ಭಾಷೆಯಿಂದ ಅನ್ನ ಉಣ್ಣುತ್ತಿರುವ ತನಕ ಅದರ ಹೆಸರು ಅಳಿಸಬಾರದು ಎಂಬುದು ನಿಮ್ಮ ನಿಯಮ. ಹಾಗಾಗಿ ಮೇಲಿನ ಕೋಬಾಲ್‌ನಿಂದ ಕೆಳಗಿನ ಜಾವಾದವರೆಗೆ ಬೆರಳಗಲ ಜಾಗ ಉಳಿದಿಲ್ಲ. ಹೊಸ ಭಾಷೆ ಕಲಿಸುವ ರೂಪೇಶನಿಗೆ ಪೈಥಾನ್ ಬೇಕು, ಅದೂ ಎಲ್ಲಕ್ಕಿಂತ ಮೇಲೆ. "ಸತ್ತ ಭಾಷೆ ಎಂತಕ್ಕೆ ಮೇಡಂ? ಹುಡುಗ್ರು ಫೋಟೋ ತೆಗ್ದು ನಗ್ತಾರೆ" ಎಂದ. ಜಾವಾ ಕಲಿಸುವ ದುರ್ಗಾ ಬಿಟ್ಟಾಳೆಯೇ? "ನಿನ್ನ ಪೈಥಾನ್ ಹೋದ್ಮೇಲೂ ಜಾವಾ ಇರ್ತದೆ, ಬರ್ದಿಟ್ಕೋ." ಕಂಪ್ಯೂಟರ್ ರಿಪೇರಿಯ ಅಮಿತ ಚಹಾ ಹೀರುತ್ತ, "ಇನ್ನು ಮಷೀನೇ ಎಲ್ಲ ಬರೆಯೂದು. ನೀವು ಬಣ್ಣ ಹೊಡೀತಾ ಕೂತ್ಕೊಳ್ಳಿ" ಎಂದ. ಆಮೇಲೆ ಮೂವರೂ ನನ್ನ ಮುಖ ನೋಡಿದರು.

ನನಗೆ ನಿಜಕ್ಕೂ ಗೊತ್ತಿಲ್ಲ ಪಪ್ಪಾ. ಒಂದು ಭಾಷೆ ಬಾಳುವುದು ಅದರ ಗುಣದಿಂದಲೋ, ಅದನ್ನು ಬಿಡಲಾರದವರ ಹಟದಿಂದಲೋ? ಇಷ್ಟು ವರ್ಷ ಕಲಿಸಿದ ಮೇಲೂ ಊಹೆಯನ್ನೇ ಮಾಡುತ್ತಿದ್ದೇನೆ. ಊಹಿಸಿ ಊಹಿಸಿ ದಣಿದಿದ್ದೇನೆ. ಆದರೆ ರೂಪೇಶ ಅಂಕೋಲೆಯ ಬಸ್ ನಿಲ್ದಾಣದೆದುರು ಸ್ವಂತ ಕ್ಲಾಸಿಗೆಂದು ರೂಮು ನೋಡಿಟ್ಟಿದ್ದಾನೆ. ಅವನು ಹೊರಟರೆ ಮಕ್ಕಳು ಅವನ ಹಿಂದೆಯೇ ಹೊರಡುತ್ತಾರೆ, ನಮ್ಮ ಬಾಗಿಲು ಮುಚ್ಚಬೇಕಾಗುತ್ತದೆ. ಹಾಗೆಂದು ನಿಮ್ಮ ನಿಯಮ ಮುರಿಯಲು ಕೈ ಬರಲಿಲ್ಲ. ನಿಮ್ಮ ಮೊದಲ ಬ್ಯಾಚಿನ ಪುಂಡಲೀಕಣ್ಣ ಮುಂಬೈಯ ಬ್ಯಾಂಕೊಂದರ ಹಳೆಯ ಕೋಬಾಲ್ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದಾರಲ್ಲ ಎಂದುಕೊಂಡೆ. ನೀವು ಬಂದ ಮೇಲೆ ಮಾತಾಡೋಣ ಎಂದು ಎಲ್ಲರ ಬಾಯಿ ಮುಚ್ಚಿಸಿದೆ. ಇದು ಮೊನ್ನೆಯ ಮಾತು.

ಭಾವನಿಗೆ ನನ್ನ ನಮಸ್ಕಾರ. ವ್ಯಾಯಾಮ ತಪ್ಪಿಸಬೇಡಿ, ಪ್ರಗತಿಯ ಮೇಲೆ ರೇಗಬೇಡಿ. ನಿಮ್ಮ ಆಶೀರ್ವಾದ ಇರಲಿ, ಈ ಸಲ ಸ್ವಲ್ಪ ಜಾಸ್ತಿಯೇ ಬೇಕು.

ನಿಮ್ಮ
ನೀತಾ

ತಾ.ಕ.: ಕೋಬಾಲ್ ಅಳಿಸಿದ್ದೇನೆ. ಮೇಲೆಯೇ ಬರೆಯಬೇಕಿತ್ತು, ಆಗಲಿಲ್ಲ. ಪುಂಡಲೀಕಣ್ಣ ನಿವೃತ್ತರಾಗಿ ದೇವಬಾಗಕ್ಕೆ ಮರಳಿದ್ದಾರೆ. ನಿನ್ನೆ ನಿಮ್ಮನ್ನು ನೋಡಲೆಂದು ಬಂದವರು ಜಗಳದ ಕಥೆ ಕೇಳಿ, "ನನ್ನ ಸಲುವಾಗಿ ಇಟ್ಟದ್ದಾದ್ರೆ ತೆಗಿಯೇ ನೀತಾ, ನನ್ನ ಊಟ ಆಯ್ತು" ಎಂದರು. ಏಣಿಯನ್ನೂ ಅವರೇ ಹಿಡಿದರು. ನಾಳೆ ಪೇಂಟರ್ ಅಲ್ಲಿ ಪೈಥಾನ್ ಬರೆಯುತ್ತಾನೆ. ಬೈಯುವುದಿದ್ದರೆ ಒಳಗೆ ಬಂದು ಕೂತು ಬೈಯಿರಿ. ರಸ್ತೆಯಲ್ಲಿ ನಿಂತು ಮೇಲೆ ನೋಡಬೇಡಿ, ಕಾಲು ಇನ್ನೂ ಗಟ್ಟಿಯಾಗಿಲ್ಲ.